ಕದ್ರಾದ ಖಾಲಿ ಜಾಗ: ವಿದ್ಯುತ್ ನಿಗಮದ ನಿರ್ದೇಶಕರೊಬ್ಬರ ಒಂದು ರಾತ್ರಿಯ ಪ್ರಕರಣ ಅಧ್ಯಯನ

ಕಾಳಿ ನದಿ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಸಮೀಪ ಹುಟ್ಟಿ, ಸುಮಾರು 184 ಕಿಲೋಮೀಟರ್ ಸಾಗಿ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಸಮುದ್ರ ಸೇರುತ್ತದೆ. ಈ ದಾರಿಯಲ್ಲಿ ಅದು ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಮೊದಲು ಗಣೇಶಗುಡಿಯ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು; ಅಲ್ಲಿ 140 ಟಿಎಂಸಿಗೂ ಹೆಚ್ಚು ನೀರು ನಿಲ್ಲಬಲ್ಲದು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಬಳಿಕ ಬೊಮ್ಮನಹಳ್ಳಿ, ಅಲ್ಲಿಂದ ಸುರಂಗದಲ್ಲಿ ಇಳಿದ ನೀರು ಅಂಬಿಕಾನಗರದ ಹತ್ತಿರದ ನಾಗಝರಿ ವಿದ್ಯುದಾಗಾರದ ಆರು ಯಂತ್ರಗಳನ್ನು ತಿರುಗಿಸುತ್ತದೆ. ಅದರ ಕೆಳಗೆ 120 ಮೆಗಾವಾಟ್‌ನ ಕೊಡಸಳ್ಳಿ, ಕೊನೆಗೆ 150 ಮೆಗಾವಾಟ್‌ನ ಕದ್ರಾ. ಇವುಗಳನ್ನು ಕಟ್ಟಿ ನಡೆಸುತ್ತಿರುವುದು 1970ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುತ್ ನಿಗಮ. ಕದ್ರಾದ ಗರಿಷ್ಠ ಮಟ್ಟ 34.5 ಮೀಟರ್, ಒಟ್ಟು ಸಂಗ್ರಹ 14 ಟಿಎಂಸಿಗೂ ಕಡಿಮೆ. ಸೂಪಾದ ಮುಂದೆ ಇದು ಕೊಡಪಾನದ ಪಕ್ಕದ ಲೋಟವೇ ಸರಿ. ಆದರೂ ಕಾಳಿ ಕೊಳ್ಳದ ಹಿರಿಯ ಅಧಿಕಾರಿಗಳ ನಿದ್ದೆ ಕೆಡಿಸುವುದು ಈ ಲೋಟವೇ.

ಒಂದು ಮಾತನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ತಾಂತ್ರಿಕ ನಿರ್ದೇಶಕರು, ಅವರ ಸಹೋದ್ಯೋಗಿಗಳು, ಆ ರಾತ್ರಿ, ಆ ರಾತ್ರಿಯ ಒಳಹರಿವಿನ ಅಂಕಿಗಳು, ಫೋನ್ ಕರೆಗಳು ಮತ್ತು ಮುಂದಿನ ಪತ್ರವ್ಯವಹಾರ ಅಧ್ಯಯನಕ್ಕೆಂದು ನಾನು ಕಟ್ಟಿಕೊಂಡವು. ಯಾವ ಸಂಸ್ಥೆಯ ಯಾವ ವ್ಯಕ್ತಿಯನ್ನೂ ಅವು ಸೂಚಿಸುವುದಿಲ್ಲ. ನದಿ, ಅಣೆಕಟ್ಟುಗಳು, ಕಾಯ್ದೆ ಮತ್ತು ಹಿಂದಿನ ಪ್ರವಾಹಗಳು ಮಾತ್ರ ಇದ್ದದ್ದು ಇದ್ದಂತೆ. ವ್ಯಕ್ತಿಗಿಂತ ಆ ಹುದ್ದೆಯನ್ನು ನೋಡಬೇಕಾಗಿರುವುದರಿಂದ ಈ ವಿಧಾನ ಅನುಕೂಲವೆನಿಸಿತು.

ನಿರ್ದೇಶಕರ ವೃತ್ತಿಜೀವನದಲ್ಲಿ ಅಸಾಧಾರಣವಾದದ್ದು ಏನೂ ಇಲ್ಲ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ, ಎಂಜಿನಿಯರಿಂಗ್ ಓದಿ, ಸಹಾಯಕ ಎಂಜಿನಿಯರ್ ಆಗಿ ಅಂಬಿಕಾನಗರದಲ್ಲಿ ರಾತ್ರಿ ಪಾಳಿ ಮಾಡಿದವರು. ಸಹಾಯಕ ಕಾರ್ಯನಿರ್ವಾಹಕ, ಕಾರ್ಯನಿರ್ವಾಹಕ, ಅಧೀಕ್ಷಕ, ಮುಖ್ಯ ಎಂಜಿನಿಯರ್ ಎಂಬ ಮೆಟ್ಟಿಲುಗಳನ್ನು ಒಂದೂ ಬಿಡದೆ ಹತ್ತಿ, ಮೂವತ್ತು ವರ್ಷಗಳ ಬಳಿಕ ಬೆಂಗಳೂರಿನ ನಿರ್ದೇಶಕರ ಕೊಠಡಿಗೆ ಬಂದರು. ರಾಜ್ಯ ಸರ್ಕಾರದ ವಿದ್ಯುತ್ ಸಂಸ್ಥೆಗಳಲ್ಲಿ ವ್ಯವಸ್ಥಾಪಕ ನಿರ್ದೇಶಕರ ಕುರ್ಚಿ ಸಾಮಾನ್ಯವಾಗಿ ಐಎಎಸ್ ಅಧಿಕಾರಿಗೆ ಮೀಸಲು. ಯಂತ್ರದ ಸದ್ದನ್ನು ಕಿವಿಯಿಂದಲೇ ಗುರುತಿಸಬಲ್ಲವರು ತಲುಪುವ ತುದಿ ತಾಂತ್ರಿಕ ನಿರ್ದೇಶಕರ ಹುದ್ದೆ. ಈ ಏಣಿಯ ಪ್ರತಿ ಮೆಟ್ಟಿಲಲ್ಲೂ ಅವರನ್ನು ಅಳೆದದ್ದು ಎಷ್ಟು ಯೂನಿಟ್ ಉತ್ಪಾದಿಸಿದಿರಿ, ಯಂತ್ರ ಎಷ್ಟು ಗಂಟೆ ಲಭ್ಯವಿತ್ತು, ಎಷ್ಟು ನೀರನ್ನು ಗೇಟಿನಿಂದ ಹೊರಚೆಲ್ಲದೆ ಉಳಿಸಿದಿರಿ ಎಂಬ ಪ್ರಶ್ನೆಗಳಿಂದ. ಉತ್ಪಾದಿಸದೆ ಬಿಟ್ಟದ್ದಕ್ಕೆ ಬಡ್ತಿ ಸಿಕ್ಕಿದ ಉದಾಹರಣೆಯನ್ನು ನಾನು ಕೇಳಿಲ್ಲ.

ಅವರ ತಂದೆಯ ವಿಷಯವನ್ನೂ ಸೇರಿಸಬೇಕು. ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆಯ ವಿರುದ್ಧ 1981ರಲ್ಲಿ ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣ ಅಪರೂಪದ್ದು. ತೋಟಗಾರರ ಸಹಕಾರಿ ಮಾರಾಟ ಸಂಘದ ಮುಂದಾಳತ್ವದಲ್ಲಿ ಕೃಷಿಕರು ಮತ್ತು ವಿಜ್ಞಾನಿಗಳು ಒಟ್ಟಿಗೆ ಕುಳಿತು ಯೋಜನೆಯ ಲಾಭನಷ್ಟವನ್ನು ಲೆಕ್ಕ ಹಾಕಿದರು. ಯೋಜನೆ ಕೈಬಿಟ್ಟುಹೋಯಿತು. ಈ ತಂದೆ ಅಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಬೆಳೆಗಾರರಲ್ಲಿ ಒಬ್ಬರು. ಮಗ ಅಣೆಕಟ್ಟಿನ ಕೆಲಸಕ್ಕೆ ಸೇರಿದಾಗ ಬೇಡವೆನ್ನಲಿಲ್ಲ, ಆದರೆ ಪ್ರತಿ ಮಳೆಗಾಲದಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: “ನೀರು ಬಿಡಕಾದ್ರೆ ಕೆಳಗಿನವ್ಕೆ ಮೊದ್ಲೇ ಹೇಳ್ತ್ರಾ, ತಮಾ?”

ಆ ಪ್ರಶ್ನೆ ಎಷ್ಟು ಸರಿ ಎಂಬುದು ಮುಂದೆ ಕಂಡಿತು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಳೆಯಲ್ಲಿ ಕದ್ರಾದಿಂದ ಭಾರಿ ಪ್ರಮಾಣದ ನೀರು ಹೊರಬಿಡಬೇಕಾಗಿ ಬಂದು, ಕದ್ರಾ, ಮಲ್ಲಾಪುರ ಸುತ್ತಲಿನ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಮಳೆಗಾಲದಲ್ಲಿ ಕದ್ರಾವನ್ನು ಗರಿಷ್ಠ ಮಟ್ಟಕ್ಕೆ ತುಂಬಿಸದೆ ಕೆಳಗೇ ಇರಿಸಿ, ಮೇಲೆ ಒಂದಷ್ಟು ಜಾಗ ಖಾಲಿ ಉಳಿಸಿಕೊಳ್ಳಬೇಕೆಂಬ ಒತ್ತಾಯ ಗಟ್ಟಿಯಾದದ್ದು ಆಗ. ಈ ಪ್ರಕರಣ ಆ ಖಾಲಿ ಜಾಗಕ್ಕೆ ಸಂಬಂಧಿಸಿದ್ದು.

ಜುಲೈ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಕದ್ರಾದ ಮಟ್ಟ 31.2 ಮೀಟರ್ ಇತ್ತು. ಒಳಹರಿವು 28 ಸಾವಿರ ಕ್ಯುಸೆಕ್, ಅಂದರೆ ಸೆಕೆಂಡಿಗೆ 28 ಸಾವಿರ ಘನ ಅಡಿ. ಮೂರೂ ಯಂತ್ರಗಳು ಪೂರ್ಣವಾಗಿ ತಿರುಗಿದರೆ ಹೊರಹೋಗುವುದು ಸುಮಾರು 20 ಸಾವಿರ ಕ್ಯುಸೆಕ್. ಐದು ಗಂಟೆಗೆ ಒಳಹರಿವು 46 ಸಾವಿರಕ್ಕೆ ಏರಿತು. ಹವಾಮಾನ ಇಲಾಖೆಯ ಕೆಂಪು ಎಚ್ಚರಿಕೆ ಜಾರಿಯಲ್ಲಿತ್ತು. ಸೂಪಾದ ಮೇಲೆ ಎಷ್ಟೇ ಮಳೆ ಬಂದರೂ ಸೂಪಾ ನುಂಗಿಕೊಳ್ಳುತ್ತದೆ. ಅದು ತುಂಬಿ ತುಳುಕುವುದು ಅಪರೂಪ. ತೊಂದರೆ ಇರುವುದು ಸೂಪಾದ ಕೆಳಗೆ, ಕಾನೇರಿಯಂಥ ಉಪನದಿಗಳು ಮತ್ತು ಘಟ್ಟದ ಇಳಿಜಾರಿನ ನೂರಾರು ಹಳ್ಳಗಳು ನೇರವಾಗಿ ಕೊಡಸಳ್ಳಿಗೂ ಕದ್ರಾಕ್ಕೂ ತಂದು ಸುರಿಯುವ ನೀರಿನಲ್ಲಿ. ಅದಕ್ಕೆ ಬೀಗವಿಲ್ಲ, ಕೀಲಿಯೂ ಇಲ್ಲ.

ಅಣೆಕಟ್ಟಿನ ಸ್ಥಳದಲ್ಲಿದ್ದ ಮುಖ್ಯ ಎಂಜಿನಿಯರ್ ಹಾಕಿದ ಲೆಕ್ಕ ಸರಳವಾಗಿತ್ತು. ಒಳಹರಿವು ಒಂದು ಲಕ್ಷ ಕ್ಯುಸೆಕ್ ಮುಟ್ಟಿದರೆ ಯಂತ್ರಗಳಲ್ಲಿ ಹೋಗುವುದನ್ನು ಕಳೆದು 80 ಸಾವಿರ ಉಳಿಯುತ್ತದೆ. ಮೇಲೆ ಮೂರು ಟಿಎಂಸಿ ಜಾಗ ಖಾಲಿ ಇದೆ ಎಂದು ಹಿಡಿದರೂ ಅದು ಹತ್ತೂವರೆ ಗಂಟೆಯೊಳಗೆ ತುಂಬಿಬಿಡುತ್ತದೆ. ತುಂಬಿದ ಮೇಲೆ ಬಂದಷ್ಟನ್ನೂ ಬಿಡುವುದು ಅನಿವಾರ್ಯ. ಆಗ ಕತ್ತಲಲ್ಲಿ ಒಮ್ಮೆಲೇ ಒಂದು ಲಕ್ಷ ಬಿಡುವುದಕ್ಕಿಂತ ಈಗಿನಿಂದಲೇ 40 ಸಾವಿರವನ್ನು ಗೇಟಿನಿಂದ ಬಿಡುವುದು ಮೇಲು. ಹುಣ್ಣಿಮೆಯ ದಿನ ಬೇರೆ. ರಾತ್ರಿ ಹನ್ನೊಂದರ ಆಸುಪಾಸು ಕಾರವಾರದಲ್ಲಿ ದೊಡ್ಡ ಉಬ್ಬರ. ಉಬ್ಬರವಿದ್ದಾಗ ಕಡಲು ನದಿಯನ್ನು ಒಳಕ್ಕೆ ಒತ್ತುತ್ತದೆ, ಕದವಾಡ, ಕಿನ್ನರ, ಹಣಕೋಣದ ತಗ್ಗು ಗದ್ದೆಗಳಲ್ಲಿ ನೀರು ಇಳಿಯಲಾರದೆ ನಿಲ್ಲುತ್ತದೆ. ಕದ್ರಾದಿಂದ ಅಳಿವೆಗೆ ಸುಮಾರು ಮೂವತ್ತು ಕಿಲೋಮೀಟರ್ ದೂರ. ರಾತ್ರಿ ಒಂಬತ್ತಕ್ಕೆ ಬಿಟ್ಟ ನೀರಿನ ಹೆಚ್ಚಿನ ಪಾಲು ಉಬ್ಬರ ಕಳೆದು ಇಳಿತ ಶುರುವಾದ ಮೇಲೆ ಅಲ್ಲಿ ಮುಟ್ಟುತ್ತದೆ.

ಈ ಲೆಕ್ಕ ಸಿದ್ಧವಾದದ್ದು ಸಂಜೆ ಐದೂಕಾಲಿಗೆ. ನಿರ್ದೇಶಕರ ಕಿವಿಗೆ ಬಿದ್ದದ್ದು ಏಳು ಗಂಟೆಗೆ. ನಡುವಿನ ಒಂದೂಮುಕ್ಕಾಲು ಗಂಟೆ ದೂರವಾಣಿಯಲ್ಲಿ ಮೆಟ್ಟಿಲು ಹತ್ತುತ್ತಿತ್ತು: ಒಬ್ಬರು ಮದುವೆಮನೆಯಲ್ಲಿದ್ದರು, ಇನ್ನೊಬ್ಬರು “ಮೇಲಿನವರನ್ನು ಕೇಳಿ” ಎಂದರು, ಮೂರನೆಯವರ ಫೋನಿಗೆ ಸಿಗ್ನಲ್ ಇರಲಿಲ್ಲ.

ಪ್ರಕರಣದ ನಿಜವಾದ ದೋಷ ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ನಿರ್ದೇಶಕರು ಏಳು ಗಂಟೆಯ ಬಳಿಕ ಚೆನ್ನಾಗಿಯೇ ನಡೆದುಕೊಂಡರು. ಆದರೆ ಆ ಕರೆ ಅವರಿಗೆ ಬರಲೇಬಾರದಿತ್ತು. ಮಟ್ಟ ಇಷ್ಟಿದ್ದು, ಒಳಹರಿವು ಇಷ್ಟು ವೇಗದಲ್ಲಿ ಏರುತ್ತಿದ್ದು, ಕೆಂಪು ಎಚ್ಚರಿಕೆ ಜಾರಿಯಲ್ಲಿದ್ದರೆ ಸ್ಥಳದಲ್ಲಿರುವ ಎಂಜಿನಿಯರ್ ಯಾರನ್ನೂ ಕೇಳದೆ ಇಷ್ಟು ನೀರು ಬಿಡಬಹುದು ಎಂಬ ಸ್ಪಷ್ಟ ಅಧಿಕಾರವನ್ನು ಮೇ ತಿಂಗಳಲ್ಲೇ ಬರಹದಲ್ಲಿ ಕೊಡುವುದು ನಿರ್ದೇಶಕರ ಕೆಲಸವಾಗಿತ್ತು. ಅಂಥ ಕೈಪಿಡಿ ಇತ್ತು, ಅದರಲ್ಲಿ ಒಂದು ವಾಕ್ಯವೂ ಇತ್ತು: “ಉನ್ನತ ಅಧಿಕಾರಿಗಳ ಗಮನಕ್ಕೆ ತಂದು ಕ್ರಮ ವಹಿಸತಕ್ಕದ್ದು.” ಗಮನಕ್ಕೆ ತರುವುದೆಂದರೆ ತಿಳಿಸುವುದೋ, ಅನುಮತಿ ಪಡೆಯುವುದೋ? ಬರೆದವರು ತಿಳಿಸುವುದು ಎಂದುಕೊಂಡಿದ್ದರು. ಭಾನುವಾರ ಸಂಜೆ ಗೇಟಿನ ಬಳಿ ನಿಂತವರು ಅನುಮತಿ ಎಂದು ಓದಿದರು. ಸರ್ಕಾರಿ ಕಚೇರಿಯಲ್ಲಿ ಬೆಳೆದ ಯಾರಾದರೂ ಹಾಗೆಯೇ ಓದುತ್ತಾರೆ. ಮೂವತ್ತು ವರ್ಷ ಮೆಟ್ಟಿಲು ಹತ್ತಿಸಿ ಕಲಿಸಿದ್ದು ಅದನ್ನೇ.

ಕಾನೂನಿನ ದೃಷ್ಟಿಯಿಂದಲೂ ಇದು ಸಣ್ಣ ಮಾತಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಆ ವರ್ಷದ ಡಿಸೆಂಬರ್ 30ರಿಂದ ಜಾರಿಯಲ್ಲಿದೆ. 15 ಮೀಟರಿಗಿಂತ ಎತ್ತರದ ಅಣೆಕಟ್ಟಿನ ಒಡೆತನ ಹೊಂದಿದ ಸಂಸ್ಥೆ ಸುರಕ್ಷತಾ ಘಟಕ, ನಿರ್ವಹಣಾ ಕೈಪಿಡಿ, ತುರ್ತು ಕ್ರಿಯಾ ಯೋಜನೆ ಮತ್ತು ಕೆಳಭಾಗದ ಜನರಿಗೆ ಮುನ್ನೆಚ್ಚರಿಕೆಯ ವ್ಯವಸ್ಥೆ ಇರಿಸಿಕೊಳ್ಳಬೇಕೆಂದು ಅದು ವಿಧಿಸುತ್ತದೆ. ಕಾಯ್ದೆಯ ನಿರ್ದೇಶನ ಮೀರಿದರೆ ಒಂದು ವರ್ಷದವರೆಗೆ, ಅದರಿಂದ ಜೀವಹಾನಿಯಾದರೆ ಎರಡು ವರ್ಷದವರೆಗೆ ಸೆರೆವಾಸದ ಅವಕಾಶವೂ ಇದೆ. ತಪ್ಪು ಸಂಸ್ಥೆಯದಾದಾಗ ಅದರ ಹೊಣೆ ಹೊತ್ತ ಅಧಿಕಾರಿ ಉತ್ತರಿಸಬೇಕು. ವಿದ್ಯುತ್ ಉತ್ಪಾದನೆ ಕಡಿಮೆಯಾದದ್ದಕ್ಕೆ ಯಾರೂ ಸೆರೆಮನೆಗೆ ಹೋಗುವುದಿಲ್ಲ. ಆದರೂ ಪ್ರತಿ ತಿಂಗಳ ಪರಿಶೀಲನಾ ಸಭೆಯ ಮೊದಲ ಪುಟದಲ್ಲಿ ಇರುವುದು ಉತ್ಪಾದನೆಯ ಅಂಕಿ, ಸುರಕ್ಷತೆ ಅನುಬಂಧದಲ್ಲಿ.

ನಿರ್ದೇಶಕರು ಏಳು ಗಂಟೆಯಿಂದ ಎಂಟರೊಳಗೆ ಮೂರು ಕರೆ ಮಾಡಿದರು. ಮೊದಲನೆಯದು ಕೈಗಾಕ್ಕೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಅಣು ವಿದ್ಯುತ್ ಸ್ಥಾವರಕ್ಕೆ ತಂಪುಗೊಳಿಸುವ ನೀರು ಬರುವುದು ಇದೇ ಕದ್ರಾ ಜಲಾಶಯದಿಂದ. ಆದ್ದರಿಂದ ಪ್ರವಾಹದ ಭಯಕ್ಕೆ ಜಲಾಶಯವನ್ನು ಮನಬಂದಷ್ಟು ಬರಿದು ಮಾಡುವಂತಿಲ್ಲ. ರಿಯಾಕ್ಟರ್ ನಿಲ್ಲಿಸಿದರೆ ನೀರು ಬೇಡವಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ನಿಲ್ಲಿಸಿದ ಕ್ಷಣದಲ್ಲೂ ಇಂಧನದಲ್ಲಿ ಪೂರ್ಣ ಶಾಖದ ನೂರಕ್ಕೆ ಆರೇಳು ಪಾಲು ಉಳಿದಿರುತ್ತದೆ, ಅದು ದಿನಗಟ್ಟಲೆ ನಿಧಾನವಾಗಿ ಇಳಿಯುತ್ತದೆ, ಅಷ್ಟೂ ಕಾಲ ತಂಪು ಬೇಕೇ ಬೇಕು. ಒಂದು ಜಲಾಶಯ, ಎರಡು ಸಂಸ್ಥೆಗಳು. ಒಂದಕ್ಕೆ ಮೇಲಿನ ಮಿತಿಯ ಚಿಂತೆ, ಇನ್ನೊಂದಕ್ಕೆ ಕೆಳಗಿನ ಮಿತಿಯದು. ಈ ಮಟ್ಟದಿಂದ ಒಂದೆರಡು ಅಡಿ ಇಳಿದರೆ ತಮಗೆ ಅಡ್ಡಿಯಿಲ್ಲ ಎಂಬ ಉತ್ತರ ಬಂತು.

ಕೈಗಾದ ಹೆಸರು ಬಂದದ್ದರಿಂದ ಒಂದು ಹಳೆಯ ಸಂಗತಿ. 1994ರ ಮೇ 13ರಂದು, ಇನ್ನೂ ನಿರ್ಮಾಣ ಹಂತದಲ್ಲಿದ್ದ ಒಂದನೇ ಘಟಕದ ರಿಯಾಕ್ಟರ್ ಕಟ್ಟಡದ ಒಳಗುಮ್ಮಟದ ಕಾಂಕ್ರೀಟ್ ಪದರ ಕಳಚಿ ಬಿತ್ತು. ಕಾಂಕ್ರೀಟಿನೊಳಗಿನ ಉಕ್ಕಿನ ತಂತಿಗಳನ್ನು ಬಿಗಿದಾಗ ಗುಮ್ಮಟದ ಬಾಗಿನಲ್ಲಿ ಹುಟ್ಟುವ ಎಳೆತವನ್ನು ವಿನ್ಯಾಸದಲ್ಲಿ ಸಾಕಷ್ಟು ಪರಿಗಣಿಸಿರಲಿಲ್ಲ. ಕೆಲಸ ನಿಂತಿತು, ವಿನ್ಯಾಸ ಬದಲಾಯಿತು, ಹೆಚ್ಚು ಬಲದ ಕಾಂಕ್ರೀಟ್ ಬಂತು. ಎರಡನೇ ಘಟಕವೇ ಮೊದಲು ಚಾಲನೆಗೊಂಡು, ಒಂದನೆಯದು 2000ದ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿತು. ಅದೇ ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ವಿಶ್ವದಾಖಲೆ ಮಾಡಿತು. ನಡೆದ 962 ದಿನಗಳಿಗೆ ಕಾರವಾರದಲ್ಲಿ ಸಂಭ್ರಮವಿತ್ತು. ಕೆಲಸ ನಿಲ್ಲಿಸಿ ಮತ್ತೆ ವಿನ್ಯಾಸಕ್ಕೆ ಕುಳಿತ ವರ್ಷಗಳನ್ನು ಯಾರೂ ಎಣಿಸಿದಂತಿಲ್ಲ.

ಎರಡನೆಯ ಕರೆ, ವಿದ್ಯುತ್ತಿನ ಬೇಡಿಕೆಗೆ ಉತ್ಪಾದನೆಯನ್ನು ಹೊಂದಿಸುವ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರಕ್ಕೆ. ಮಳೆಗಾಲದ ಭಾನುವಾರ ರಾತ್ರಿ. ಪಂಪ್‌ಸೆಟ್‌ಗಳು ನಿಂತಿವೆ, ಕಾರ್ಖಾನೆಗಳಿಗೆ ರಜೆ, ಗಾಳಿಯಂತ್ರಗಳು ಭರ್ತಿ ತಿರುಗುತ್ತಿವೆ. ಬೇಡಿಕೆಗಿಂತ ಉತ್ಪಾದನೆ ಹೆಚ್ಚಾಗಿ ಜಾಲದ ಆವರ್ತನ 50.05 ಹರ್ಟ್ಜ್‌ನ ಮಿತಿ ದಾಟುವ ಲಕ್ಷಣವಿದ್ದು, ಉತ್ಪಾದನೆ ಇಳಿಸಿ ಎಂಬ ಸೂಚನೆ ಎಲ್ಲರಿಗೂ ಹೋಗಿತ್ತು. ಕದ್ರಾದ ಯಂತ್ರ ಇಳಿಸಿದರೆ ಆ ನೀರೂ ಗೇಟಿನಿಂದಲೇ ಹೋಗಬೇಕು, ಆದ್ದರಿಂದ ಕದ್ರಾ ಇಳಿಸುವುದಿಲ್ಲ, ಬದಲಿಗೆ ನಾಗಝರಿಯನ್ನು ಪೂರ್ತಿ ನಿಲ್ಲಿಸುತ್ತೇನೆ ಎಂದರು ನಿರ್ದೇಶಕರು. ಕೇಂದ್ರಕ್ಕೆ ಅದು ಸಂತೋಷವೇ. ಮರುದಿನ ಬೆಳಗಿನ ಬೇಡಿಕೆಯ ಹೊತ್ತಿಗೂ, ಹತ್ತು ಗಂಟೆಯವರೆಗೆ, ನಾಗಝರಿ ಸಿಗುವುದಿಲ್ಲ ಎಂದಾಗ ಸಂತೋಷ ಉಳಿಯಲಿಲ್ಲ. ಜಲವಿದ್ಯುತ್ ಕೆಲವೇ ನಿಮಿಷಗಳಲ್ಲಿ ಎದ್ದು ನಿಲ್ಲುತ್ತದೆ. ರಾಯಚೂರಿನ ಕಲ್ಲಿದ್ದಲು ಘಟಕವನ್ನು ಎಬ್ಬಿಸಲು ಗಂಟೆಗಳು ಬೇಕು, ಈಗಲೇ ಹೇಳಿದರೆ ಮಾತ್ರ ಬೆಳಿಗ್ಗೆ ಒದಗುತ್ತದೆ. ಸ್ವಲ್ಪ ಬಿಸಿ ಮಾತಿನ ಬಳಿಕ ಒಪ್ಪಿಗೆಯಾಯಿತು. ಅರ್ಧ ಸಾಮರ್ಥ್ಯದಲ್ಲಿ ನಡೆಯುತ್ತಿದ್ದ ನಾಗಝರಿ ನಿಂತದ್ದರಿಂದ ಸುಮಾರು 5 ಸಾವಿರ ಕ್ಯುಸೆಕ್ ಕೆಳಗೆ ಬರುವುದು ತಪ್ಪಿತು. ಅಷ್ಟೇನೂ ದೊಡ್ಡದಲ್ಲ, ಆದರೆ ಇಡೀ ಕೊಳ್ಳದಲ್ಲಿ ಮನುಷ್ಯನ ಕೈಯಲ್ಲಿದ್ದದ್ದು ಅಷ್ಟೇ.

ಮೂರನೆಯ ಕರೆ ಜಿಲ್ಲಾಡಳಿತಕ್ಕೆ, ಅಲ್ಲಿಂದ ಪಂಚಾಯಿತಿಗಳಿಗೆ. ಮೈಕು ಕಟ್ಟಿದ ಜೀಪು ಎರಡು ದಂಡೆಗಳಲ್ಲೂ ಓಡಿತು. ಎಂಟು ಗಂಟೆಯಿಂದ ಒಂಬತ್ತರವರೆಗೆ ಸೈರನ್ ಮೊಳಗಿತು. ಒಂಬತ್ತಕ್ಕೆ ಗೇಟು ಎತ್ತಿದರು.

ಒಳಹರಿವು ಒಂದು ಲಕ್ಷ ಮುಟ್ಟಲಿಲ್ಲ. ರಾತ್ರಿ ಒಂದರ ಸುಮಾರಿಗೆ 60 ಸಾವಿರ ಕಂಡು, ಮಳೆ ಉತ್ತರಕ್ಕೆ ಸರಿದು, ಬೆಳಗಿನ ಜಾವಕ್ಕೆ 30 ಸಾವಿರಕ್ಕೆ ಇಳಿಯಿತು. ಆರು ಗಂಟೆಗೆ ಗೇಟು ಮುಚ್ಚಿದಾಗ ಮಟ್ಟ ಹಿಂದಿನ ಮಧ್ಯಾಹ್ನ ಇದ್ದಷ್ಟೇ ಇತ್ತು. ಯಾವ ಮನೆಗೂ ನೀರು ನುಗ್ಗಲಿಲ್ಲ. ಮಲ್ಲಾಪುರದ ಕೆಳಗೆ ಕೆಲವು ಗದ್ದೆಗಳು ಮುಳುಗಿ, ಹೊಳೆಯಂಚಿನ ಎರಡು ಪಂಪ್‌ಸೆಟ್ ಕೆಟ್ಟವು. ಅವುಗಳಲ್ಲಿ ಒಂದರ ಒಡೆಯರು ಮರುದಿನ ಕಚೇರಿಗೆ ಬಂದು ಕೇಳಿದ್ದು ಹೀಗೆ: “ಸಾಹೇಬ್ರೇ, ಬರ್ದೇ ಇದ್ದ ನೆರೆಗೆ ನಮ್ ಪಂಪ್ ಯಾಕೆ ಮುಳುಗಿಸಿದ್ರಿ?” ಉತ್ತರಿಸಲು ಕುಳಿತ ಎಂಜಿನಿಯರ್ ಚಹಾ ತರಿಸಿದರು. ಬೇರೆ ಏನು ಮಾಡಬಹುದಿತ್ತೋ ನನಗೂ ತಿಳಿಯದು. ಪರಿಹಾರ ಕೊಡುವುದಕ್ಕೆ ನಿಯಮದಲ್ಲಿ ಪ್ರವಾಹ ಆಗಿರಬೇಕು.

ಮೂರು ತಿಂಗಳ ಬಳಿಕ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂತು. ಒಂಬತ್ತು ಗಂಟೆಗಳ ಕಾಲ 40 ಸಾವಿರ ಕ್ಯುಸೆಕ್ ಎಂದರೆ 1.3 ಟಿಎಂಸಿ ನೀರು. ಕದ್ರಾದಲ್ಲಿ ಒಂದು ಟಿಎಂಸಿಯಿಂದ ಸುಮಾರು 20 ಲಕ್ಷ ಯೂನಿಟ್ ಬರುವುದರಿಂದ 26 ಲಕ್ಷ ಯೂನಿಟ್ ನಷ್ಟ. ಯೂನಿಟ್‌ಗೆ ಎರಡು ರೂಪಾಯಿ ಹಿಡಿದರೆ 52 ಲಕ್ಷ ರೂಪಾಯಿ. ಗೇಟು ತೆಗೆಯದೆ ಇದ್ದಿದ್ದರೂ ಮಟ್ಟ ಸುಮಾರು 32.5 ಮೀಟರ್ ಮಾತ್ರ ತಲುಪುತ್ತಿತ್ತು, ಇನ್ನೂ ಎರಡು ಮೀಟರ್ ಜಾಗ ಉಳಿಯುತ್ತಿತ್ತು ಎಂದು ತೋರಿಸುವ ಪಟ್ಟಿ ಜೊತೆಗಿತ್ತು. ನಾಗಝರಿ ನಿಲ್ಲಿಸಿದ್ದರಿಂದ ಬೆಳಿಗ್ಗೆ ದುಬಾರಿ ವಿದ್ಯುತ್ ಬಳಸಬೇಕಾದದ್ದೂ ನಷ್ಟದ ಖಾತೆಗೆ ಸೇರಿತ್ತು.

ಎರಡನೆಯ ಆಕ್ಷೇಪಣೆಗೆ ನಿರ್ದೇಶಕರ ಉತ್ತರ ಬಿಗಿಯಾಗಿದೆ. ನಾಗಝರಿಗೆ ಹೋಗದೆ ಉಳಿದ ಸುಮಾರು ಕಾಲು ಟಿಎಂಸಿ ನೀರು ಸೂಪಾದಲ್ಲೇ ಇದೆ. ನಾಗಝರಿಯಲ್ಲಿ ನೀರು ಮುನ್ನೂರು ಮೀಟರಿಗೂ ಹೆಚ್ಚು ಎತ್ತರದಿಂದ ಇಳಿಯುವುದರಿಂದ ಅದೇ ನೀರಿಗೆ ಅಲ್ಲಿ ಕದ್ರಾದ ಸುಮಾರು ಹತ್ತು ಪಟ್ಟು ಬೆಲೆ. 50 ಲಕ್ಷಕ್ಕೂ ಹೆಚ್ಚು ಯೂನಿಟ್ ಮಾರ್ಚ್ ತಿಂಗಳ ಬಿಸಿಲಿಗೆ ಕಾದು ಕುಳಿತಿದೆ. ಮುಂದೂಡಿದ ಉತ್ಪಾದನೆಯನ್ನು ನಷ್ಟವೆಂದು ಬರೆಯುವುದು ಸರಿಯಲ್ಲ.

ಮೊದಲನೆಯದಕ್ಕೆ ಅವರ ಉತ್ತರ ಅಷ್ಟು ಸಲೀಸಾಗಿಲ್ಲ. ಪರಿಶೋಧಕರ ಪಟ್ಟಿಯಲ್ಲಿ ತಪ್ಪಿಲ್ಲ; 32.5 ಎಂಬುದು ನಿಜ. ಆದರೆ ಅದು ಬೆಳಿಗ್ಗೆ ಆರರ ಸತ್ಯ, ತೀರ್ಮಾನ ಮಾಡಿದ್ದು ಸಂಜೆ ಎಂಟಕ್ಕೆ. ಎಂಟು ಗಂಟೆಗೆ ಏನೇನು ತಿಳಿದಿತ್ತು ಎಂಬುದನ್ನು ಹಿಡಿದು ಅಳೆಯಬೇಕು ಎಂದು ಅವರು ವಾದಿಸಬಹುದಿತ್ತು, ವಾದಿಸಿದರು ಕೂಡ. ಅವರು ಬರೆಯದೆ ಬಿಟ್ಟದ್ದು ಇನ್ನೊಂದಿದೆ: ಐದೂಕಾಲಿಗೇ ತೀರ್ಮಾನವಾಗಿದ್ದರೆ ಆರೂಕಾಲಿಗೇ ಗೇಟು ತೆಗೆದು, 30 ಸಾವಿರ ಕ್ಯುಸೆಕ್‌ನಲ್ಲೇ ಅದೇ ಕೆಲಸ ಮುಗಿಯುತ್ತಿತ್ತು, ಬಹುಶಃ ಆ ಎರಡು ಪಂಪ್‌ಸೆಟ್‌ಗಳೂ ಉಳಿಯುತ್ತಿದ್ದವು. ಕಳೆದುಹೋದ ಒಂದೂಮುಕ್ಕಾಲು ಗಂಟೆ ಆಕ್ಷೇಪಣೆಯಲ್ಲಿಲ್ಲ, ಉತ್ತರದಲ್ಲೂ ಇಲ್ಲ. ಪರಿಶೋಧಕರಿಗೆ ಅದು ಕಾಣಲಿಲ್ಲ. ನಿರ್ದೇಶಕರಿಗೆ ಕಂಡಿತ್ತು.

ಕಂಡಿತ್ತು ಎಂದು ಹೇಳಲು ಆಧಾರ ಮುಂದಿನ ಮೇ ತಿಂಗಳಲ್ಲಿ ಹೊರಟ ಒಂದೂವರೆ ಪುಟದ ಆದೇಶ. ಕೈಪಿಡಿಯ ಆ ವಾಕ್ಯವನ್ನು ಹೊಡೆದುಹಾಕಿ, ಮಟ್ಟ, ಒಳಹರಿವಿನ ಏರಿಕೆ ಮತ್ತು ಉಬ್ಬರದ ವೇಳೆಯನ್ನು ಸೇರಿಸಿದ ಒಂದು ಕೋಷ್ಟಕವನ್ನು ಅಲ್ಲಿಟ್ಟರು. ಕೋಷ್ಟಕ ಹೇಳಿದಷ್ಟು ನೀರನ್ನು ಕದ್ರಾದ ಪಾಳಿಯಲ್ಲಿರುವ ಎಂಜಿನಿಯರ್ ಬಿಡತಕ್ಕದ್ದು, ಬಿಟ್ಟ ಮೇಲೆ ತಿಳಿಸತಕ್ಕದ್ದು. ಸೈರನ್ನಿಗೆ ಮೊದಲು ಪಂಚಾಯಿತಿಗಳಿಗೆ ಕನ್ನಡದಲ್ಲೂ ಕೊಂಕಣಿಯಲ್ಲೂ ಹೋಗಬೇಕಾದ ಸಂದೇಶದ ಒಕ್ಕಣೆ ಎರಡನೇ ಪುಟದಲ್ಲಿತ್ತು. ಆದೇಶದ ಪ್ರತಿಗಳು ಯಾರ್ಯಾರಿಗೆ ಎಂಬ ಪಟ್ಟಿಯಲ್ಲಿ ನಿರ್ದೇಶಕರ ಕಚೇರಿ ಕೊನೆಯಲ್ಲಿತ್ತು, “ಮಾಹಿತಿಗಾಗಿ” ಎಂಬ ಷರಾ ಸಹಿತ. ಆಕ್ಷೇಪಣೆಯ ಕಡತ ಆಗಲೂ ಇತ್ಯರ್ಥವಾಗಿರಲಿಲ್ಲ.